ಸಮುದ್ರದಡಿಯ ವಿಮಾನ ಪೆಟ್ಟಿಗೆಯೊಳಗೆ: 'ಬ್ಲ್ಯಾಕ್ ಜ್ಯಾಕ್' ಡಯೋರಮಾ ಕಟ್ಟುವ ಕ್ರಮ

ನೇತ್ರಾಣಿ ದ್ವೀಪದ ಬಳಿ ಮೊದಲ ಸಲ ಸ್ಕೂಬಾ ಕಟ್ಟಿಕೊಂಡು ಇಳಿದಾಗ ನನ್ನ ಕೈಗಡಿಯಾರದ ಕೆಂಪು ಪಟ್ಟಿ ನೀರಿನೊಳಗೆ ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ದೋಣಿ ಹತ್ತಿದ ಕೂಡಲೇ ಮತ್ತೆ ಕೆಂಪು. ಅಷ್ಟು ಹೊತ್ತಿಗೆ ನಾನು ಮುಳುಗಿದ ವಿಮಾನಗಳ ಎರಡು ಮಾದರಿಗಳನ್ನು ಮಾಡಿ ಮುಗಿಸಿದ್ದೆ. ಎರಡಕ್ಕೂ ಮೈತುಂಬ ಕೆಂಪು ತುಕ್ಕು ಬಳಿದು, ಕೇಸರಿ ಹವಳ ಅಂಟಿಸಿ, ಮದುವೆ ಮಂಟಪದಂತೆ ಸಿಂಗರಿಸಿದ್ದೆ. ಅವೆರಡೂ ಈಗ ಅಟ್ಟದ ಮೇಲಿವೆ. ಇಲ್ಲಿ ಹೇಳುತ್ತಿರುವುದು ಮೂರನೆಯದನ್ನು ಕಟ್ಟಿದ ಬಗೆ; ಅದೊಂದು ಡಯೋರಮಾ, ಅಂದರೆ ಇಡೀ ದೃಶ್ಯವನ್ನೇ ಪೆಟ್ಟಿಗೆಯೊಳಗೆ ಪುಟ್ಟದಾಗಿ ಕಟ್ಟಿದ್ದು.

ಮುಳುಗಿದ ವಿಮಾನದ ಮಾದರಿ ಮಾಡುವವರು ಸಾಮಾನ್ಯವಾಗಿ ವಿಮಾನದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಆಳದಿಂದ. ಎಷ್ಟು ಮೀಟರು ಆಳ ಎಂಬ ಒಂದು ಅಂಕಿ ಗೊತ್ತಾದರೆ ಬಣ್ಣ, ಬೆಳಕು, ಹವಳ, ನೆರಳು, ಪೆಟ್ಟಿಗೆಯ ಎತ್ತರ ಎಲ್ಲವೂ ಅದರ ಹಿಂದೆ ಸಾಲಾಗಿ ಬರುತ್ತವೆ.

ಯಾವ ವಿಮಾನ?

ಕಾಲ್ಪನಿಕ ಅವಶೇಷ ಕಟ್ಟಬೇಡಿ. ನಿಜವಾದದ್ದನ್ನು ಆರಿಸಿಕೊಂಡರೆ ಎಲ್ಲಿ ಮುರಿಯಬೇಕು, ಎಲ್ಲಿ ಬಿಡಬೇಕು ಎಂಬ ತಲೆನೋವು ಅರ್ಧಕ್ಕರ್ಧ ಇಳಿಯುತ್ತದೆ. ನಾನು ಆರಿಸಿಕೊಂಡದ್ದು ಪಪುವಾ ನ್ಯೂಗಿನಿಯ ಕೇಪ್ ವೋಗೆಲ್ ಬಳಿ, ಬೊಗಾ ಬೊಗಾ ಎಂಬ ಹಳ್ಳಿಯ ಎದುರಿನ ಕಡಲಲ್ಲಿ ಮಲಗಿರುವ ಅಮೆರಿಕದ ಬಿ-17ಎಫ್ ಬಾಂಬರ್. ಇದರ ಸರಣಿ ಸಂಖ್ಯೆ 41-24521. ಕೊನೆಯ ಎರಡು ಅಂಕಿ 21 ಆದದ್ದರಿಂದ ಇಸ್ಪೀಟಿನ ಇಪ್ಪತ್ತೊಂದರ ಆಟದ ಹೆಸರನ್ನೇ ಇಟ್ಟು ಅದನ್ನು 'ಬ್ಲ್ಯಾಕ್ ಜ್ಯಾಕ್' ಎಂದು ಕರೆದರು. 1943ರ ಜುಲೈನಲ್ಲಿ, ಆಗ ಜಪಾನೀಯರ ನೆಲೆಯಾಗಿದ್ದ ರಬೌಲ್ ಮೇಲೆ ರಾತ್ರಿ ದಾಳಿಗೆ ಹೋಗಿ ಮರಳುವಾಗ ಎಂಜಿನ್ ತೊಂದರೆ ಮತ್ತು ಕೆಟ್ಟ ಹವೆ ಎರಡೂ ಸೇರಿಕೊಂಡವು. ದಾರಿ ತಪ್ಪಿ, ಇಂಧನ ಮುಗಿಯುತ್ತ ಬಂದು, ಜುಲೈ 11ರ ಬೆಳಿಗ್ಗೆ ಪೈಲಟ್ ರಾಲ್ಫ್ ಡಿಲೋಚ್ ಅದನ್ನು ನೀರಿನ ಮೇಲೆ ಇಳಿಸಿದರು. ಹತ್ತು ಮಂದಿಯೂ ಬದುಕಿದರು; ಹಳ್ಳಿಯವರು ನೆರವಿಗೆ ಧಾವಿಸಿದರು. ವಿಮಾನ ಹವಳದ ದಿಬ್ಬದ ಬುಡಕ್ಕೆ ಜಾರಿ, ಬಿಳಿ ಮರಳಿನ ಮೇಲೆ ನೆಟ್ಟಗೆ ಕುಳಿತಿತು. 1986ರಲ್ಲಿ ಆಸ್ಟ್ರೇಲಿಯಾದ ಮೂವರು ಮುಳುಗುಗಾರರು ಕಂಡುಹಿಡಿಯುವ ತನಕ ಅದು ಹಾಗೆಯೇ ಇತ್ತು.

ನನ್ನ ಆಯ್ಕೆಗೆ ಕಾರಣ ಎರಡು. ಮೊದಲನೆಯದು, ವಿಮಾನ ಬಹುಪಾಲು ಇಡಿಯಾಗಿದೆ: ಮೂತಿ ನಜ್ಜಾಗಿದೆ, ಪ್ರೊಪೆಲ್ಲರ್‌ಗಳು ಬಾಗಿವೆ, ಉಳಿದಂತೆ ಬಿ-17 ಎಂದು ದೂರದಿಂದಲೇ ಗುರುತು ಸಿಗುತ್ತದೆ. ಎರಡನೆಯದು, ಅದರಲ್ಲಿ ಯಾರೂ ಸಾಯಲಿಲ್ಲ. ಸಮುದ್ರದಡಿಯ ಅನೇಕ ವಿಮಾನಗಳು ಸಮಾಧಿಗಳೂ ಹೌದು. ಕಾಕ್‌ಪಿಟ್‌ನಲ್ಲಿ ಪುಟ್ಟ ಅಸ್ಥಿಪಂಜರ ಕೂರಿಸುವವರನ್ನು ಕಂಡಿದ್ದೇನೆ; ನನ್ನ ಕೈ ಅದಕ್ಕೆ ಏಳುವುದಿಲ್ಲ.

ಆಳದ ಲೆಕ್ಕ

ವಿಮಾನ ಇರುವುದು ಸುಮಾರು 45ರಿಂದ 50 ಮೀಟರು ಆಳದಲ್ಲಿ. 46 ಎಂದು ಹಿಡಿಯೋಣ. 1/72 ಅಳತೆಯಲ್ಲಿ, ಅಂದರೆ ನಿಜದ 72 ಸೆಂ.ಮೀ. ಮಾದರಿಯಲ್ಲಿ 1 ಸೆಂ.ಮೀ. ಆಗುವ ಲೆಕ್ಕದಲ್ಲಿ, 46 ಮೀಟರು ಎಂದರೆ 64 ಸೆಂ.ಮೀ. ಅಂದರೆ ನೀರಿನ ಮೇಲ್ಮೈಯನ್ನೂ ತೋರಿಸಬೇಕೆಂದರೆ ವಿಮಾನದ ತಲೆಯ ಮೇಲೆ ಹತ್ತಿರ ಹತ್ತಿರ ಎರಡು ಅಡಿ ನೀರು ಬೇಕು. ಬಹಳ ಮಂದಿ ರೆಸಿನ್ (ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ಪಾರದರ್ಶಕ ದ್ರವ) ಸುರಿದು, ವಿಮಾನದ ಬೆನ್ನಿನಿಂದ ನಾಲ್ಕು ಬೆರಳು ಮೇಲೆ ಅಲೆ ಎಬ್ಬಿಸಿ ಮುಗಿಸುತ್ತಾರೆ. ನೋಡಲು ಚೆಂದ, ಆದರೆ ಲೆಕ್ಕ ಹಾಕಿದರೆ ಅದು ಬೆನ್ನಿನ ಮೇಲೆ ಐದಾರು ಮೀಟರು ಮಾತ್ರ ನೀರಿರುವ ಕೆರೆಯಲ್ಲಿ ಬಿದ್ದ ವಿಮಾನ.

ರೆಸಿನ್‌ನ ಖರ್ಚನ್ನೂ ನೋಡಿ. ಬಿ-17ರ ರೆಕ್ಕೆಯ ಹರವು 31.6 ಮೀಟರು, 1/72ರಲ್ಲಿ 44 ಸೆಂ.ಮೀ. ಉದ್ದ ಸುಮಾರು 32 ಸೆಂ.ಮೀ. ಇದನ್ನು ಮುಳುಗಿಸಲು 55 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ತಟ್ಟೆಯಲ್ಲಿ 12 ಸೆಂ.ಮೀ. ಎತ್ತರಕ್ಕೆ ಸುರಿದರೆ ಹತ್ತಿರ ಹತ್ತಿರ 30 ಲೀಟರು. ಆ ದುಡ್ಡಿನಲ್ಲಿ ನೇತ್ರಾಣಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಬರಬಹುದು. ಮೇಲಾಗಿ ರೆಸಿನ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ದಪ್ಪಗೆ ಸುರಿದಷ್ಟೂ ಬಿಸಿ ಹೆಚ್ಚು. ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಟೊಳ್ಳು ರೆಕ್ಕೆಯೊಳಗಿನ ಗಾಳಿ ಉಕ್ಕಿ ಗುಳ್ಳೆಗಳಾಗಿ ನಿಲ್ಲುತ್ತದೆ. ಅಂಗೈಯಗಲದ ಸಣ್ಣ ಯುದ್ಧವಿಮಾನವಾದರೆ ರೆಸಿನ್ ಸರಿ. ಆಗಲೂ ಒಮ್ಮೆಗೆ ಒಂದು ಸೆಂಟಿಮೀಟರಿಗಿಂತ ದಪ್ಪ ಸುರಿಯಬೇಡಿ, ಒಂದು ಪದರ ಆರಿದ ಮೇಲೆ ಇನ್ನೊಂದು.

ಹಾಗಾಗಿ ನಮ್ಮ ಡಯೋರಮಾದಲ್ಲಿ ನೀರೇ ಇರುವುದಿಲ್ಲ. ಮುಂಭಾಗಕ್ಕೆ ಮಾತ್ರ ಗಾಜಿರುವ ಕತ್ತಲೆ ಪೆಟ್ಟಿಗೆ, ಮೇಲಿನಿಂದ ಸೋಸಿ ಬರುವ ನೀಲಿ ಬೆಳಕು, ಒಳಗೆ ಒಣ ವಿಮಾನ. ನೀರಿನ ಕೆಲಸವನ್ನು ಬೆಳಕು ಮಾಡುತ್ತದೆ.

ಮೊದಲು ಪೆಟ್ಟಿಗೆ, ಆಮೇಲೆ ವಿಮಾನ

ಇದು ತಲೆಕೆಳಗಾದ ಕ್ರಮದಂತೆ ಕಾಣಬಹುದು. ಆದರೆ ಬಣ್ಣ ಬಳಿಯುವಾಗ ನೀವು ಅದೇ ನೀಲಿ ಬೆಳಕಿನಡಿ ಕುಳಿತಿರಬೇಕು. ಟ್ಯೂಬ್‌ಲೈಟ್ ಕೆಳಗೆ ಚೆನ್ನಾಗಿ ಕಂಡ ಬಣ್ಣ ಪೆಟ್ಟಿಗೆಯೊಳಗೆ ಹೋದ ಮೇಲೆ ಕರಿಮಸಿಯಾಗಿಬಿಡುತ್ತದೆ.

ಆರು ಮಿಲಿಮೀಟರು ಪ್ಲೈವುಡ್‌ನಲ್ಲಿ ಒಳಅಳತೆ 60 ಸೆಂ.ಮೀ. ಅಗಲ, 50 ಸೆಂ.ಮೀ. ಆಳ, 38 ಸೆಂ.ಮೀ. ಎತ್ತರದ ಪೆಟ್ಟಿಗೆ ಮಾಡಿಸಿ. ಹಿಂಬದಿಯ ಹಲಗೆಯನ್ನು ಮೊಳೆ ಹೊಡೆದು ಕೂರಿಸದೆ ಸ್ಕ್ರೂ ಹಾಕಿ ಎಂದು ಬಡಗಿಗೆ ಮೊದಲೇ ಹೇಳಿ. ಮುಂದೆ ಉಪಯೋಗಕ್ಕೆ ಬರುತ್ತದೆ. ಹಿಂಬದಿಯ ಮೂಲೆಗಳು ಚೂಪಾಗಿ ಕಾಣಿಸಿದರೆ ಆಟ ಕೆಡುತ್ತದೆ. ಡ್ರಾಯಿಂಗ್ ಶೀಟನ್ನು ಅರ್ಧವೃತ್ತದಂತೆ ಬಾಗಿಸಿ ಎಡಬದಿಯಿಂದ ಬಲಬದಿಯ ತನಕ ಒಂದೇ ಗೋಡೆಯಾಗುವಂತೆ ನಿಲ್ಲಿಸಿ. ಅದಕ್ಕೆ ಮೇಲ್ಗಡೆ ತಿಳಿನೀಲಿ, ಕೆಳಗಿಳಿದಂತೆ ಗಾಢ ನೀಲಿ. ತಳದ ಹತ್ತಿರ ಮತ್ತೆ ತುಸು ತಿಳಿಯಾಗಲಿ. ಬಿಳಿ ಮರಳು ಬೆಳಕನ್ನು ಮೇಲಕ್ಕೆ ಎರಚುತ್ತದೆ. ಹೊಳಪಿಲ್ಲದ ಬಣ್ಣವನ್ನೇ ಬಳಸಿ.

ಚಾವಣಿಯಲ್ಲಿ ಐದು ವೋಲ್ಟಿನ ಬಿಳಿ ಎಲ್‌ಇಡಿ ಪಟ್ಟಿ. ಅದರ ಕೆಳಗೆ ಎರಡು ಪದರ ನೀಲಿ ಜಿಲೆಟಿನ್ ಹಾಳೆ, ಶಾಲೆಯ ವಾರ್ಷಿಕೋತ್ಸವದಲ್ಲಿ ದೀಪಕ್ಕೆ ಕಟ್ಟುತ್ತಾರಲ್ಲ, ಅದೇ. ಅದರ ಕೆಳಗೆ ಬಟರ್ ಪೇಪರ್. ಬಟರ್ ಪೇಪರ್ ಬಿಟ್ಟರೆ ಎಲ್‌ಇಡಿ ಚುಕ್ಕೆಗಳು ವಿಮಾನದ ಬೆನ್ನಿನ ಮೇಲೆ ಸಾಲಾಗಿ ಹೊಳೆಯುತ್ತವೆ. ಈ ಆಳದಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಮೆತ್ತಗೆ ಬರುತ್ತದೆ, ನೆರಳಿಗೆ ಅಂಚೇ ಇರುವುದಿಲ್ಲ. ತಳದಲ್ಲಿ ಬಲೆಬಲೆಯಾಗಿ ಕುಣಿಯುವ ಬೆಳಕಿನ ಗೆರೆಗಳನ್ನು ಬಿಡಿಸುವ ಆಸೆಯಾದರೆ ತಡೆದುಕೊಳ್ಳಿ. ಅದು ಈಜುಕೊಳದ ಆಳಕ್ಕೆ ಹೊಂದುತ್ತದೆ, 46 ಮೀಟರಿಗಲ್ಲ.

ಕಿಟ್ಟನ್ನು ಹಾಳುಗೆಡವುವ ಕಲೆ

ಬಿ-17ರ 1/72 ಕಿಟ್‌ಗಳು, ಅಂದರೆ ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿಗಳು, ಹಲವು ಕಂಪನಿಗಳದ್ದು ಸಿಗುತ್ತವೆ. ಎಫ್ ಮಾದರಿ ಸಿಗದೆ ಜಿ ಮಾದರಿಯ ಕಿಟ್ ಸಿಕ್ಕರೂ ಚಿಂತೆಯಿಲ್ಲ. ಕಣ್ಣಿಗೆ ಹೊಡೆಯುವ ದೊಡ್ಡ ವ್ಯತ್ಯಾಸ ಗದ್ದದ ಕೆಳಗಿನ ಬಂದೂಕು ಗೋಪುರ, ಅದನ್ನು ಬಿಟ್ಟುಬಿಡಿ. ಮೂತಿ ಹೇಗೂ ನಜ್ಜಾಗುತ್ತದೆ. ಯಾರಾದರೂ ಅರ್ಧ ಕಟ್ಟಿ ಬಿಟ್ಟ, ಚಕ್ರ ಕಳೆದುಹೋದ ಹಳೆಯ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ನೀರಿಗೆ ಇಳಿದ ವಿಮಾನ, ಚಕ್ರ ಮಡಚಿಯೇ ಇರುತ್ತದೆ.

ಕತ್ತರಿ ಹಾಕುವ ಮೊದಲು ವಿಮಾನದ ಮೇಲ್ನೋಟದ ಚಿತ್ರವೊಂದನ್ನು ಬರೆದು, ಯಾವ ಪೆಟ್ಟು ಯಾವಾಗ ಬಿತ್ತು ಎಂದು ಮೂರು ಬಣ್ಣದ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ: ನೀರಿಗೆ ಬಡಿದಾಗ ಆದದ್ದು, ತಳಕ್ಕೆ ತಾಗಿದಾಗ ಆದದ್ದು, ಆಮೇಲೆ ದಶಕಗಳ ಕಾಲ ಉಪ್ಪುನೀರು ತಿಂದದ್ದು. ಕಾರಣವಿಲ್ಲದ ತೂತು ಒಂದೂ ಇರಬಾರದು.

ಪ್ರೊಪೆಲ್ಲರ್‌ಗಳನ್ನು ನೋಡಿ. ತಿರುಗುತ್ತಿರುವ ಎಂಜಿನ್ ನೀರಿಗೆ ಬಡಿದರೆ ಮೂರೂ ಅಲಗುಗಳು ಒಂದೇ ರೀತಿ ಬಾಗುತ್ತವೆ. ನಿಂತ ಎಂಜಿನ್ನಾದರೆ ಕೆಳಗಿರುವ ಅಲಗು ಮಾತ್ರ ಬಾಗಿ, ಮೇಲಿನದು ನೆಟ್ಟಗೆ ಉಳಿಯುತ್ತದೆ. ಅಲಗು ಬಾಗಿಸಲು ಊದುಬತ್ತಿಯೇ ಸಾಕು: ಹೊತ್ತಿದ ತುದಿಯನ್ನು ಪ್ಲಾಸ್ಟಿಕ್‌ಗೆ ಮುಟ್ಟಿಸದೆ ಅರ್ಧ ಸೆಂಟಿಮೀಟರು ದೂರ ಹಿಡಿಯಿರಿ, ಐದಾರು ಎಣಿಸಿ, ಚಿಮಟದಲ್ಲಿ ತುದಿ ಹಿಡಿದು ಹಿಂದಕ್ಕೆ ಒತ್ತಿ, ಆರುವ ತನಕ ಬಿಡಬೇಡಿ. ಬಾಗು ಬುಡದಲ್ಲಿ ಬೇಡ, ತುದಿಯ ಮೂರನೆಯ ಒಂದು ಭಾಗದಲ್ಲಿರಲಿ. ಬುಡದಲ್ಲಿ ಬಾಗಿಸಿದರೆ ಬಾಡಿದ ದಾಸವಾಳದಂತೆ ಕಾಣುತ್ತದೆ.

ಇನ್ನು ಬಹಳ ಮಂದಿ ಗಮನಿಸದ ವಿಷಯ. ಬಿ-17ರ ಮೈ ಅಲ್ಯೂಮಿನಿಯಂ ಆದರೂ ರಡ್ಡರ್, ಎಲಿವೇಟರ್, ಏಲೆರಾನ್‌ಗಳಿಗೆ (ವಿಮಾನವನ್ನು ತಿರುಗಿಸಲು, ಏರಿಳಿಸಲು ಬಾಲ ಮತ್ತು ರೆಕ್ಕೆಗಳ ಹಿಂದಂಚಿನಲ್ಲಿ ಅಲುಗಾಡುವ ಭಾಗಗಳು) ಹೊದಿಸಿದ್ದು ಬಟ್ಟೆ. ಸಮುದ್ರದಲ್ಲಿ ಬಟ್ಟೆ ಬೇಗನೆ ಕೊಳೆತು ಹೋಗುತ್ತದೆ, ಉಳಿಯುವುದು ಒಳಗಿನ ಪಕ್ಕೆಲುಬುಗಳು ಮಾತ್ರ. ಕಿಟ್‌ನಲ್ಲಿ ಇವೆಲ್ಲ ಗಟ್ಟಿ ಪ್ಲಾಸ್ಟಿಕ್. ಹಾಗೇ ಬಿಟ್ಟರೆ ನಿನ್ನೆ ಮುಳುಗಿದ ವಿಮಾನ. ಆದ್ದರಿಂದ ಸಣ್ಣ ಗರಗಸದಲ್ಲಿ ಅವುಗಳನ್ನು ಕತ್ತರಿಸಿ ತೆಗೆಯಿರಿ. ತೆಗೆದ ತುಂಡನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಅರ್ಧ ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ ಕಡ್ಡಿಗಳನ್ನು ಚೌಕಟ್ಟಿನಂತೆ ಅಂಟಿಸಿ, ನಡುವೆ ನಾಲ್ಕೈದು ಮಿಲಿಮೀಟರಿಗೊಂದರಂತೆ ಪಕ್ಕೆಲುಬು ಕೂರಿಸಿ. ಕಡ್ಡಿ ಸಿಗದಿದ್ದರೆ ಕಿಟ್‌ನ ಬಿಡಿಭಾಗಗಳು ಅಂಟಿಕೊಂಡಿರುತ್ತವಲ್ಲ, ಆ ಚೌಕಟ್ಟಿನ ಪ್ಲಾಸ್ಟಿಕ್ಕನ್ನು ಮೇಣದ ಬತ್ತಿಯ ಮೇಲೆ ಕಾಯಿಸಿ ಎರಡೂ ಕೈಯಲ್ಲಿ ಎಳೆಯಿರಿ. ಶ್ಯಾವಿಗೆಯಂಥ ಎಳೆ ಬರುತ್ತದೆ. ಒಂದೆರಡು ಪಕ್ಕೆಲುಬು ಮುರಿದಿರಲಿ, ಒಂದು ಓರೆಯಾಗಿರಲಿ. ನನಗೆ ಬಾಲದ ರಡ್ಡರ್ ಒಂದಕ್ಕೇ ಎರಡು ಭಾನುವಾರ ಹಿಡಿಯಿತು. ಆದರೆ ಪೆಟ್ಟಿಗೆಯೊಳಗೆ ನೀಲಿ ಗೋಡೆಯೆದುರು ಆ ಎಲುಬುಗೂಡು ನಿಂತಾಗ ಉಳಿದ ತಪ್ಪುಗಳನ್ನು ಯಾರೂ ಕೇಳಲಿಲ್ಲ.

ಲೋಹದ ತೂತುಗಳ ಮಾತು ಬೇರೆ. ಕಿಟ್‌ನ ಪ್ಲಾಸ್ಟಿಕ್ ಒಂದು ಮಿಲಿಮೀಟರು ದಪ್ಪ; ಅಳತೆಗೆ ತಿರುಗಿಸಿದರೆ ಅದು 7 ಸೆಂಟಿಮೀಟರು ದಪ್ಪದ ತಗಡು, ಯುದ್ಧ ಟ್ಯಾಂಕಿಗೆ ಹೊಂದೀತು. ನಿಜವಾದ ವಿಮಾನದ ಹೊದಿಕೆ ಒಂದು ಮಿಲಿಮೀಟರಿನ ಆಸುಪಾಸು. ಅದನ್ನು 72ರಿಂದ ಭಾಗಿಸಿದರೆ ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ದಪ್ಪಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ತೂತು ಕಾಣಬೇಕಾದ ಕಡೆ ಪ್ಲಾಸ್ಟಿಕ್ಕನ್ನು ದೊಡ್ಡದಾಗಿ ಕತ್ತರಿಸಿ, ಒಳಗೆ ಅಡ್ಡಪಟ್ಟಿಗಳನ್ನು ಕೂರಿಸಿ, ಮೇಲೆ ಆ ಹಾಳೆಯನ್ನು ಅಂಟಿಸಿ. ಅಂಟಿಸುವ ಮೊದಲು ಹಾಳೆಯನ್ನು ಹಳೆಯ ನೋಟ್‌ಬುಕ್ ಮೇಲಿಟ್ಟು, ಮುಳ್ಳುಚಕ್ರ ಅಥವಾ ಸೂಜಿಯಿಂದ ರಿವೆಟ್ ಸಾಲು ಒತ್ತಿ. ಆಮೇಲೆ ಹಲ್ಲುಕಡ್ಡಿಯಲ್ಲಿ ಅಲ್ಲಲ್ಲಿ ಹರಿಯಿರಿ. ಅಂಚು ತಾನೇ ಸುರುಳಿಯಾಗಿ, ಉಪ್ಪು ತಿಂದ ತಗಡಿನಂತೆಯೇ ಕಾಣುತ್ತದೆ. ಮೂತಿಯ ನಜ್ಜುಗುಜ್ಜಿಗೂ ಇದೇ ದಾರಿ: ಮೂತಿಯ ತುದಿ ಕತ್ತರಿಸಿ ತೆಗೆದು, ಹಾಳೆಯ ಎರಡು ಪದರದಿಂದ ಅದೇ ಆಕಾರ ಕಟ್ಟಿ, ಹೆಬ್ಬೆರಳಲ್ಲಿ ಮೆಲ್ಲನೆ ಒತ್ತಿ. ಒಂದೇ ಒತ್ತು. ಎರಡನೆಯ ಸಲ ಒತ್ತಿದರೆ ಕಸದ ಬುಟ್ಟಿಯ ಕಾಗದವಾಗುತ್ತದೆ.

ಬಂದೂಕುಗಳನ್ನು ಇಟ್ಟುಕೊಳ್ಳಿ. ಬ್ಲ್ಯಾಕ್ ಜ್ಯಾಕ್‌ನ ಬಾಲದ ಬಂದೂಕುಗಳು ಈಗಲೂ ಅಲ್ಲೇ ಇವೆ. ಕಿಟಕಿಗಳಿಗೆ ಕಿಟ್‌ನ ಪಾರದರ್ಶಕ ತುಂಡುಗಳಲ್ಲಿ ಕೆಲವನ್ನು ಮಾತ್ರ ಹಾಕಿ, ಒಳಮೈಗೆ ಟಾಲ್ಕಂ ಪೌಡರ್ ಬೆರೆಸಿದ ವಾರ್ನಿಶ್ ಸವರಿ ಮಂಕಾಗಿಸಿ.

ತಳ: ರಂಗೋಲಿ ಪುಡಿಯ ಸಮುದ್ರ

ಮೊದಲು ನನ್ನ ಪೆದ್ದುತನ. ಸಾಮಾನ್ಯ ಥರ್ಮಾಕೋಲನ್ನು ಕೆತ್ತಿ, ನಡುವೆ ವಿಮಾನದ ತಗ್ಗು ಮಾಡಿ, ಖುಷಿಯಿಂದ ಸ್ಪ್ರೇ ಬಣ್ಣ ಹೊಡೆದೆ. ಕಣ್ಣೆದುರೇ ಅದು ಬಿಸಿಲಿನ ಐಸ್‌ಕ್ರೀಮಿನಂತೆ ಕರಗಿ ಇಳಿಯಿತು. ಸ್ಪ್ರೇಯ ದ್ರಾವಕ ಥರ್ಮಾಕೋಲನ್ನು ತಿನ್ನುತ್ತದೆ. ಒತ್ತೊತ್ತಾದ ಕಣಗಳ ಗಟ್ಟಿ ಫೋಮ್ ಹಲಗೆ ಸಿಕ್ಕರೆ ಕೆತ್ತಲು ಸುಲಭ. ಆದರೆ ಅದನ್ನೂ ದ್ರಾವಕ ಬಿಡುವುದಿಲ್ಲ. ಯಾವುದೇ ಆಗಲಿ, ಮೊದಲು ಫೆವಿಕಾಲ್ ಮತ್ತು ನೀರಿನ ಲೇಪ ಎರಡು ಕೋಟ್ ಕೊಟ್ಟು, ಆಮೇಲೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಮಾತ್ರ ಬಳಿಯಿರಿ.

ವಿಮಾನವನ್ನು ಮರಳಿನ ಮೇಲೆ ಇಡಬಾರದು, ಮರಳಿನೊಳಗೆ ಕೂರಿಸಬೇಕು. ಫೋಮ್ ಮೇಲೆ ವಿಮಾನ ಇಟ್ಟು ಸುತ್ತ ಗೆರೆ ಎಳೆದು, ಹೊಟ್ಟೆ ಮತ್ತು ಎಂಜಿನ್ ಗೂಡುಗಳ ಕೆಳಭಾಗ ಏಳೆಂಟು ಮಿಲಿಮೀಟರು ಇಳಿಯುವಂತೆ ಕೆತ್ತಿ. ಎಂಜಿನ್‌ಗಳು ಭಾರ, ಹಾಗಾಗಿ ಮುಂಭಾಗ ತುಸು ಹೆಚ್ಚು ಹೂತಿರಲಿ. ಹಿಂದೆ ಉದ್ದನೆಯ ಉಳುಮೆಯ ಸಾಲು ಎಳೆಯಬೇಡಿ. ಇದು ಹೊಲದಲ್ಲಿ ಜಾರಿದ ವಿಮಾನವಲ್ಲ, ಮೇಲಿನಿಂದ ಮುಳುಗಿ ಬಂದು ಕುಳಿತದ್ದು. ಹಿಂಬದಿಯ ಒಂದು ಮೂಲೆಯಲ್ಲಿ ಹವಳದ ದಿಬ್ಬದ ಬುಡ ಮೇಲೇಳಲಿ, ಉಳಿದದ್ದು ಸಪಾಟು ಬಯಲು. ಪೆಟ್ಟಿಗೆ ತುಂಬಿಸುವ ಚಪಲ ಎಲ್ಲರಿಗೂ ಇರುತ್ತದೆ. ಖಾಲಿ ಮರಳೇ ಆಳದ ಭಯವನ್ನು ಕೊಡುವುದು.

ಮರಳಿಗೆ ಸಮುದ್ರದ ಮರಳು ಬೇಡ. ಅರ್ಧ ಮಿಲಿಮೀಟರಿನ ಕಣ 1/72ರಲ್ಲಿ ಮೂರೂವರೆ ಸೆಂಟಿಮೀಟರಿನ ಜಲ್ಲಿಕಲ್ಲು. ಬಿಳಿ ರಂಗೋಲಿ ಪುಡಿ ತಂದು ವಸ್ತ್ರಗಾಳಿತ ಮಾಡಿ. ಮಾಸ್ಕ್ ಹಾಕಿಕೊಂಡೇ ಮಾಡಿ, ಕಲ್ಲಿನ ದೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಫೆವಿಕಾಲ್ ನೀರು ಬಳಿದ ಫೋಮ್ ಮೇಲೆ ಟೀ ಸೋಸುವ ಜರಡಿಯಿಂದ ಉದುರಿಸಿ, ಆರಿದ ಮೇಲೆ ಕೊಡವಿ, ಮತ್ತೊಂದು ಪದರ. ವಿಮಾನವನ್ನು ತಗ್ಗಿನಲ್ಲಿ ಕೂರಿಸಿದ ಮೇಲೆ ಮೂರನೆಯ ಪದರ. ಈ ಸಲ ನೀರಿನ ಹರಿವು ಯಾವ ಕಡೆಯಿಂದ ಎಂದು ಮನಸ್ಸಿನಲ್ಲಿ ನಿರ್ಧರಿಸಿಕೊಳ್ಳಿ. ಹರಿವು ಬಂದು ತಾಗುವ ಬದಿಯಲ್ಲಿ ಮರಳು ಕೊರೆದು ಸಣ್ಣ ಹಳ್ಳವಾಗಿರಲಿ, ಮರೆಯ ಬದಿಯಲ್ಲಿ ದಿಬ್ಬ ಕಟ್ಟಿರಲಿ. ರೆಕ್ಕೆಗಳ ಮೇಲೂ ಒಂದು ಚಿಟಿಕೆ ಪುಡಿ ಬೀಳಲಿ.

ಬಣ್ಣ

ನೀರು ಬೆಳಕನ್ನು ಒಂದೊಂದೇ ಬಣ್ಣವಾಗಿ ನುಂಗುತ್ತದೆ. ಮೊದಲ ಕೆಲವು ಮೀಟರುಗಳಲ್ಲೇ ಕೆಂಪು ಸೊರಗುತ್ತದೆ, ಅದರ ಹಿಂದೆ ಕಿತ್ತಳೆ, ಆಮೇಲೆ ಹಳದಿ. 46 ಮೀಟರಿನಲ್ಲಿ ಬರಿಗಣ್ಣಿಗೆ ಉಳಿಯುವುದು ನೀಲಿ ಮತ್ತು ಬೂದಿಯ ಛಾಯೆಗಳು. ವಿಮಾನದ ಮೇಲ್ಮೈಯ ಬಣ್ಣ ಆಲಿವ್ ಹಸಿರು, ಹೊಟ್ಟೆ ಬೂದು. ಆ ಆಳದಲ್ಲಿ ಎರಡೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಹಾಗಾದರೆ ಎಲ್ಲವನ್ನೂ ನೀಲಿ ಬಳಿಯುವುದೇ? ಅಲ್ಲ. ನಮ್ಮ ಜಿಲೆಟಿನ್ ಹಾಳೆ ಆಗಲೇ ಕೆಂಪನ್ನು ತಡೆಯುತ್ತಿದೆ. ಬಣ್ಣಗಳನ್ನು ಬಿಳಿಯ ಕಡೆಗೆ ತಿಳಿ ಮಾಡಿ ಬಳಿಯಿರಿ. ಆಲಿವ್ ಹಸಿರಿಗೆ ಮೂರನೆಯ ಒಂದು ಭಾಗ ತಿಳಿಬೂದು ಬೆರೆಸಿ. ಗಳಿಗೆಗೊಮ್ಮೆ ವಿಮಾನವನ್ನು ಪೆಟ್ಟಿಗೆಯೊಳಗಿಟ್ಟು ನೋಡಿ. ಅಮೆರಿಕದ ಗುರುತಾದ, ನೀಲಿ ವೃತ್ತದೊಳಗಿನ ಬಿಳಿ ನಕ್ಷತ್ರ ಅಂಟಿಸಿದ ಮೇಲೆ ನುಣ್ಣನೆಯ ಉಪ್ಪುಕಾಗದದಲ್ಲಿ ಒದ್ದೆಮಾಡಿ ಉಜ್ಜಿ. ನಕ್ಷತ್ರ ಇದ್ದೂ ಇಲ್ಲದಂತಿರಲಿ.

ಈಗ ತುಕ್ಕಿನ ವಿಷಯ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಅದು ಬಿಳಿಯ, ಸುಣ್ಣದಂಥ ಪುಡಿಯಾಗಿ ಸವೆಯುತ್ತದೆ. ರೆಕ್ಕೆ, ಮೈ, ಬಾಲ ಎಲ್ಲಿಯೂ ಕೆಂಪು ಬಳಿಯಬೇಡಿ. ತುಕ್ಕು ಬೇಕಾದದ್ದು ಉಕ್ಕಿನ ಭಾಗಗಳಿಗೆ: ಎಂಜಿನ್‌ನ ಸಿಲಿಂಡರ್‌ಗಳು, ಬಂದೂಕಿನ ನಳಿಕೆ, ಪೈಲಟ್ ಆಸನದ ಹಿಂದಿನ ರಕ್ಷಾಕವಚದ ತಗಡು. ಉಪ್ಪುನೀರಿನಲ್ಲಿ ಉಕ್ಕು ಅಲ್ಯೂಮಿನಿಯಂ ಎರಡೂ ಒಂದಕ್ಕೊಂದು ತಾಗಿಕೊಂಡಿದ್ದರೆ ಸಣ್ಣ ಬ್ಯಾಟರಿಯೊಂದು ಹುಟ್ಟಿದಂತೆ. ಅಲ್ಯೂಮಿನಿಯಂ ಬೇಗ ಕರಗುತ್ತದೆ. ಆದ್ದರಿಂದ ಎಂಜಿನ್ ಗೂಡಿನ ಸುತ್ತ, ಬೋಲ್ಟುಗಳ ಬಳಿ ತೂತು ಹೆಚ್ಚಿರಲಿ, ರೆಕ್ಕೆಯ ನಡುಬಯಲಿನಲ್ಲಿ ಕಡಿಮೆ.

ಕೊನೆಯ ಕೈ ದೂರದ್ದು. ಸಮುದ್ರದಲ್ಲಿ ದೂರದ ವಸ್ತು ನೀಲಿಯಲ್ಲಿ ಕರಗುತ್ತದೆ. ನಮ್ಮ ಪೆಟ್ಟಿಗೆಯ ಆಳ 50 ಸೆಂ.ಮೀ., ಅಂದರೆ 36 ಮೀಟರು. ವಿಮಾನವನ್ನು ಓರೆಯಾಗಿ, ಮೂತಿ ನೋಡುಗರ ಕಡೆಗೆ ಬರುವಂತೆ ಇಟ್ಟು, ಬಾಲಕ್ಕೂ ದೂರದ ರೆಕ್ಕೆಯ ತುದಿಗೂ ಗೋಡೆಯ ನೀಲಿಯನ್ನೇ ಬಹಳ ನೀರು ಮಾಡಿ ಮೂರು ನಾಲ್ಕು ಸಲ ಸವರಿ. ಬಾಲದ ಹಿಂದೆ, ಗೋಡೆಗೆ ತುಸು ಮುಂದೆ, ತಿಳಿನೀಲಿ ನೆಟ್ ಬಟ್ಟೆಯ ಪರದೆಯೊಂದನ್ನು ಬಿಗಿಯಾಗಿ ಕಟ್ಟಿದರೆ ದಿಬ್ಬವೂ ಗೋಡೆಯೂ ಮಬ್ಬಾಗುತ್ತವೆ.

ಹವಳ ಮತ್ತು ಇರುವೆ

ಬೆಳಕು ಕಡಿಮೆಯಿರುವ ಈ ಆಳದಲ್ಲಿ ಹೂದೋಟದಂಥ ಹವಳ ಬೆಳೆಯುವುದಿಲ್ಲ. ಕೈ ಬಿಗಿ ಹಿಡಿಯಿರಿ. ರೆಕ್ಕೆಯ ಅಂಚು, ಪ್ರೊಪೆಲ್ಲರ್ ತುದಿ, ಬಂದೂಕಿನ ನಳಿಕೆ, ಹೀಗೆ ಹರಿವಿಗೆ ಚಾಚಿಕೊಂಡ ಕಡೆ ಚಾವಟಿಯಂಥ ತಂತಿ ಹವಳ ಕೆಲವು ಸಾಕು. ಹಳೆಯ ವಿದ್ಯುತ್ ತಂತಿಯೊಳಗಿನ ತಾಮ್ರದ ಎಳೆಯನ್ನು ಫೆವಿಕಾಲಿನಲ್ಲಿ ಅದ್ದಿ, ನುಣ್ಣನೆಯ ಮರದ ಹೊಟ್ಟಿನಲ್ಲಿ ಹೊರಳಿಸಿದರೆ ತಯಾರು. ಬೀಸಣಿಗೆ ಹವಳಕ್ಕೆ ಒಣಗಿದ ಹೀರೆಕಾಯಿಯ ನಾರನ್ನು ಚಪ್ಪಟೆಯಾಗಿ ಒತ್ತಿ ಕತ್ತರಿಸಿ. ಪಾತ್ರೆ ತೊಳೆಯುವ ಸ್ಪಂಜಿನ ಚೂರುಗಳು ಸ್ಪಂಜುಗಳೇ.

ಮೈಮೇಲಿನ ಒರಟು ಪದರಕ್ಕೆ ನಾನು ಮೊದಲು ಚಿರೋಟಿ ರವೆ ಬಳಸಿದ್ದೆ. ನೋಟ ಅದ್ಭುತವಾಗಿತ್ತು. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಪೆಸಿಫಿಕ್ ಸಾಗರದ ತಳದಲ್ಲಿ ಕೆಂಪಿರುವೆಗಳ ಸಾಲು ಶಿಸ್ತಾಗಿ ಸಾಗುತ್ತಿತ್ತು. ತಿನ್ನುವ ವಸ್ತು ಯಾವುದನ್ನೂ ಬಳಸಬೇಡಿ. ಮರದ ಹೊಟ್ಟು, ರಂಗೋಲಿ ಪುಡಿ, ಒಂದಿಷ್ಟು ಬಣ್ಣ ಸೇರಿಸಿ ಕಲಸಿದ ಗಂಜಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಕುಟ್ಟಿದರೆ ಅದೇ ನೋಟ ಬರುತ್ತದೆ.

ಒಬ್ಬ ಮುಳುಗುಗಾರ, ಒಂದು ಟಾರ್ಚು

ವಿಮಾನ ಎಷ್ಟು ದೊಡ್ಡದು ಎಂದು ಹೇಳಲು ಮನುಷ್ಯ ಬೇಕು. 1/72ರಲ್ಲಿ ಆತ 2.4 ಸೆಂ.ಮೀ. ತಂತಿಯ ಎಲುಬು, ಮೇಲೆ ಎಂ-ಸೀಲ್ ಮೈ, ಬೆನ್ನಿಗೆ ಎರಡು ಸಿಲಿಂಡರ್. ವಿಹಾರಕ್ಕೆ ಮುಳುಗುವವರಿಗೆ ಹಾಕಿರುವ ಮಿತಿ 40 ಮೀಟರು. ಇಲ್ಲಿಗೆ ಬರುವವರು ಅನುಭವಿಗಳು, ಹೆಚ್ಚು ಗಾಳಿ ಹೊತ್ತು ಬರುವವರು. ಅವರು ನಡೆಯುವುದಿಲ್ಲ, ನಿಲ್ಲುವುದಿಲ್ಲ. ಮರಳು ಕದಡದಂತೆ ಅಡ್ಡಡ್ಡ ತೇಲುತ್ತಾರೆ. ರೆಕ್ಕೆಯ ಬುಡಕ್ಕೆ ಚುಚ್ಚಿದ ತೆಳ್ಳನೆಯ ತಂತಿಯ ಮೇಲೆ ಆತನನ್ನು ಕೂರಿಸಿ, ತಂತಿಗೆ ಹಿನ್ನೆಲೆಯ ಬಣ್ಣ ಬಳಿದರೆ ಅದು ಮಾಯ.

ಗುಳ್ಳೆಗಳಿಗೆ ಮೀನಿನ ಗಾಳದ ಸಣ್ಣ ನೈಲಾನ್ ದಾರ. ಆತನ ಬಾಯಿಂದ ಚಾವಣಿಯ ತನಕ ಎಳೆದು, ಪಾರದರ್ಶಕ ಅಂಟಿನ ಹನಿಗಳನ್ನು ಇಡುತ್ತ ಹೋಗಿ. ಆ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಐದೂವರೆ ಪಟ್ಟು ಹೆಚ್ಚು. ಗುಳ್ಳೆ ಮೇಲೇರಿದಂತೆ ಹಿಗ್ಗುತ್ತದೆ. ಕೆಳಗೆ ಸಾಸಿವೆಗಿಂತ ಚಿಕ್ಕದು, ಮೇಲೆ ಸಾಸಿವೆಯಷ್ಟು.

ಇನ್ನು ಟಾರ್ಚು. ಇಡೀ ಪೆಟ್ಟಿಗೆಯ ಜೀವ ಇರುವುದು ಇಲ್ಲಿ. ಮೂರು ಮಿಲಿಮೀಟರಿನ ಹಳದಿ ಛಾಯೆಯ ಬಿಳಿ ಎಲ್‌ಇಡಿಯೊಂದನ್ನು ಅದಕ್ಕೆ ಬೇಕಾದ ರೆಸಿಸ್ಟರ್ ಸಹಿತ ವಿಮಾನದ ಆಚೆ ಬದಿಯಲ್ಲಿ ಅಡಗಿಸಿ, ಸುತ್ತ ಕಪ್ಪು ಕಾಗದದ ಕೊಳವೆ ಹಾಕಿ. ಅದರ ಬೆಳಕು ಮುಳುಗುಗಾರನ ಕೈಯಿಂದಲೇ ಹೊರಟು ಕಾಕ್‌ಪಿಟ್ ಕೆಳಗಿನ ಮೈಮೇಲೆ ಬಿದ್ದಂತೆ ಕಾಣುವ ಕೋನ ಹುಡುಕಿ. ಬೆಳಕು ಬಿದ್ದ ಆ ಎರಡು ಬೆರಳಗಲದ ಜಾಗದಲ್ಲಿ ಮಾತ್ರ ನಿಜವಾದ ಬಣ್ಣಗಳನ್ನು ಬಳಿಯಿರಿ: ತಿಳಿ ಮಾಡದ ಆಲಿವ್ ಹಸಿರು, ಒಂದು ಚೂರು ಕಡುಗೆಂಪು ಸ್ಪಂಜು, ಹಳದಿ ಹವಳದ ಒಂದು ಕೊನೆ. ಟಾರ್ಚ್ ಸ್ವಿಚ್ಚನ್ನು ಚಾವಣಿಯ ಸ್ವಿಚ್ಚಿನಿಂದ ಬೇರೆಯಾಗಿಡಿ. ಮೊದಲು ನೀಲಿ ಮಾತ್ರ ಹೊತ್ತಿಸಿ, ನೋಡುವವರ ಕಣ್ಣು ಪಳಗಲಿ, ಆಮೇಲೆ ಟಾರ್ಚು. ನನ್ನ ಪಕ್ಕದ ಮನೆಯ ಹುಡುಗಿ ಆ ಕೆಂಪನ್ನು ಕಂಡು, ಅಲ್ಲಿ ಮೊದಲು ಏನೂ ಇರಲಿಲ್ಲವಲ್ಲ ಅಂಕಲ್ ಎಂದಳು.

ಮುಚ್ಚುವ ಮೊದಲು

ಮುಂಭಾಗಕ್ಕೆ ಅಕ್ರಿಲಿಕ್ ಹಾಳೆ ಸಾಕು, ಗಾಜಿಗಿಂತ ಹಗುರ. ಅದರ ರಕ್ಷಣಾ ಕಾಗದವನ್ನು ಕೊನೆಯ ಗಳಿಗೆಯಲ್ಲಿ ಮಾತ್ರ ತೆಗೆಯಿರಿ. ತೆಗೆದ ಕೂಡಲೇ ಅದು ಮನೆಯ ದೂಳನ್ನೆಲ್ಲ ಕರೆದುಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಇನ್ನಷ್ಟು. ಒದ್ದೆ ಬಟ್ಟೆ ಬಳಸಿ. ಸೂಪರ್ ಗ್ಲೂ ಹಾಕಿದ ಭಾಗಗಳಿದ್ದರೆ ಪೆಟ್ಟಿಗೆಯನ್ನು ಎರಡು ದಿನ ತೆರೆದೇ ಇಡಿ. ಮುಚ್ಚಿದ ಜಾಗದಲ್ಲಿ ಅದರ ಆವಿ ಅಕ್ರಿಲಿಕ್ ಒಳಮೈಗೆ ಬಿಳಿ ಮಂಜಾಗಿ ಕೂರುತ್ತದೆ, ಹಿಂದಿನ ಮಾದರಿಯಲ್ಲಿ ಹಾಗೇ ಆಗಿತ್ತು.

ಹಿಂಬದಿಯ ಹಲಗೆಯ ಮೇಲ್ಭಾಗದಲ್ಲಿ ಬಿಸಿ ಹೋಗಲು ಎರಡು ತೂತು, ಅದಕ್ಕೆ ಇರುವೆ ಬಾರದಂತೆ ಸೊಳ್ಳೆ ಪರದೆಯ ತುಂಡು. ನೀಲಿ ನೆಟ್ ಪರದೆಯ ಹಿಂದೆ ತೇವ ಹೀರುವ ಸಿಲಿಕಾ ಜೆಲ್‌ನ ನಾಲ್ಕು ಪೊಟ್ಟಣ. ಮಳೆಗಾಲ ಶುರುವಾಗುವ ಮುಂಚೆ ಸ್ಕ್ರೂ ಬಿಚ್ಚಿ ಪೊಟ್ಟಣ ಬದಲಾಯಿಸಿ, ಅದೇ ಹೊತ್ತಿಗೆ ಎಲ್‌ಇಡಿಯ ಬೆಸುಗೆಗಳನ್ನೂ ಒಮ್ಮೆ ಮುಟ್ಟಿ ನೋಡಿ.